ಕಡಲಾಚೆಗೆ ಹೊರಡುವ ಮುನ್ನ ಎರಡು ದಿನ

ಹೈಸ್ಕೂಲಿನ ಮಕ್ಕಳು ಸ್ಕೌಟು ಜಾಂಬೂರಿಗೋ ಪರ್ವತಯಾತ್ರೆಗೋ ಹೊರದೇಶಕ್ಕೆ ಹೋಗುವುದು ಈಗ ಅಪೂರ್ವವೇನಲ್ಲ. ಹೊರಡುವ ಮುನ್ನ ಅವರನ್ನು ಒಂದು ಶನಿವಾರ, ಭಾನುವಾರ ಬೆಟ್ಟದ ಕಡೆಗೆ ಕರೆದೊಯ್ದು, ಮೂಟೆ ಹೊರಿಸಿ ನಡೆಸಿ, ಡೇರೆಯಲ್ಲಿ ಮಲಗಿಸುವ ವಾಡಿಕೆಯುಂಟು. ವಿಮಾನದಲ್ಲಿ ಹೋಗಿ ಬರುವವರಿಗೆ ಈ ಕಷ್ಟವೇಕೆ, ಎರಡು ದಿನದಲ್ಲಿ ಮೈಗೆ ಕಸುವು ಬಂದೀತೆ ಎಂದು ತಂದೆತಾಯಿಗಳು ಕೇಳುವುದು ಸಹಜ.

ಬಾರದು. ಕಸುವು ಬರಬೇಕಾದರೆ ಕೆಲವು ತಿಂಗಳ ನಡಿಗೆಯೇ ಬೇಕು. ಈ ಎರಡು ದಿನಗಳ ಉದ್ದೇಶ ಬೇರೆ. ಪರದೇಶದಲ್ಲಿ ಕಾಣಿಸಿಕೊಂಡರೆ ವಿಪತ್ತಾಗುವ ಕೊರತೆಗಳು ನಮ್ಮೂರ ಮಗ್ಗುಲಲ್ಲೇ, ಮನೆಗೆ ಬಸ್ಸು ಸಿಗುವಷ್ಟು ದೂರದಲ್ಲೇ ಕಾಣಿಸಿಕೊಳ್ಳಲಿ ಎಂಬುದು.

ಇದಕ್ಕೆ ಚಿಕ್ಕಬಳ್ಳಾಪುರದ ಸೀಮೆ ಹೇಳಿ ಮಾಡಿಸಿದ ಹಾಗಿದೆ. 1,478 ಮೀಟರು ಎತ್ತರದ ನಂದಿಬೆಟ್ಟ, ಅದರ ನೆರೆಯ ಸ್ಕಂದಗಿರಿ, ಚಿಂತಾಮಣಿಯ ಕಡೆ ಅಂಬಾಜಿದುರ್ಗ, ರಹಮಾನ್‌ಗಢ, ಶಿಡ್ಲಘಟ್ಟದ ಕಡೆ ತಲಕಾಯಲಬೆಟ್ಟ, ಹೀಗೆ ಬೋಳುಬಂಡೆಯ ಬೆಟ್ಟಗಳಿಗೆ ಬರವಿಲ್ಲ; ಬರವಿರುವುದು ನೀರಿಗೆ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಆದುದರಿಂದ ನೀರನ್ನು ಲೆಕ್ಕವಿಟ್ಟು ಕುಡಿಯುವ ಪಾಠ ಇಲ್ಲಿ ತಾನಾಗಿಯೇ ಆಗುತ್ತದೆ. ಸ್ಕಂದಗಿರಿಯನ್ನು ಏರುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಡೇರೆ ಹಾಕುವುದಕ್ಕೆ ತಪ್ಪಲಿನ ಶಾಲೆಯ ಬಯಲೇ ಮೇಲು. ಇಂತಹ ನಡಿಗೆಗೆ ಈಗ ‘ಚಾರಣ’ ಎಂಬ ಹೆಸರು ನಿಂತುಬಿಟ್ಟಿದೆ. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ತಿರುಗಿ ಹಾಡುವ ಸ್ತುತಿಪಾಠಕ. ಈ ಹುಡುಗರು ಸಹ ದಾರಿಯುದ್ದಕ್ಕೂ ಹಾಡಿಕೊಂಡೇ ಹೋಗುವುದರಿಂದ ಆ ಮಾತಿನ ಬಗ್ಗೆ ತಕರಾರಿಲ್ಲ.

ಮೊದಲು ಬಯಲಾಗುವುದು ಮೂಟೆಯ ಗುಟ್ಟು. ಮೈತೂಕದ ಐದನೆಯ ಒಂದು ಪಾಲು ಹೊರೆ ಮಕ್ಕಳಿಗೆ ಸಾಕು. ನಾಲ್ಕನೆಯ ಒಂದು ಪಾಲನ್ನು ಮೀರಬಾರದು. ನಲವತ್ತು ಕಿಲೋ ತೂಗುವ ಹುಡುಗನಿಗೆ ಎಂಟು ಕಿಲೋ. ಬಿಸಿಲಿನಲ್ಲಿ ದಿನಕ್ಕೆ ಮೂರು ನಾಲ್ಕು ಲೀಟರು ನೀರು ಬೇಕಾದೀತು. ಲೀಟರಿಗೆ ಒಂದು ಕಿಲೋ. ದಾರಿಯಲ್ಲಿ ನೀರು ಸಿಗದ ಕಡೆ ಅಷ್ಟನ್ನೂ ಹೊರಬೇಕಾದರೆ ಉಳಿದ ಸಾಮಾನಿಗೆ ಜಾಗವೆಷ್ಟು? ಅಜ್ಜಿ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬಿ ಮೊದಲನೆಯ ಏರಿನಲ್ಲೇ ಖಾಲಿಯಾಗುವುದು ಹಸಿವಿನಿಂದಲ್ಲ, ಭಾರದಿಂದ!

ಎರಡನೆಯದು ಕಾಲು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ನಡೆದೇ ಬೆಂಗಳೂರು ಸೇರಿ ಹೈಸ್ಕೂಲು ಓದಿದರು. ಮುಂದೆ ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟು ಪಡೆದರು. ಆ ಕಾಲದ ಅಂಗಾಲು ಈಗಿನ ಮಕ್ಕಳಿಗಿಲ್ಲ. ಪ್ರಯಾಣಕ್ಕೆಂದು ಕೊಂಡ ಹೊಸ ಬೂಟು ಹಿಮ್ಮಡಿಯನ್ನು ಉಜ್ಜುತ್ತದೆ, ಬೆವರಿಗೆ ಚರ್ಮ ಮೆತ್ತಗಾಗುತ್ತದೆ, ಬೊಬ್ಬೆ ಏಳುತ್ತದೆ. ಬೊಬ್ಬೆಗೆ ಮುಂಚೆ ಆ ಜಾಗ ಚುರುಗುಟ್ಟುತ್ತದೆ. ಆಗಲೇ ನಿಂತು, ಕಾಲುಚೀಲ ಬದಲಾಯಿಸಿ, ಪಟ್ಟಿ ಅಂಟಿಸಬೇಕು. ಆದರೆ ಹದಿಮೂರರ ಹುಡುಗ ನಾಚಿಕೆಯಿಂದ ಬಾಯಿಬಿಡುವುದಿಲ್ಲ. ತನ್ನಿಂದ ಹತ್ತು ಮಂದಿ ನಿಲ್ಲಬೇಕಾಯಿತಲ್ಲ ಎಂಬ ಸಂಕೋಚ. ‘ಸಾರ್, ಕಾಲು ಉರೀತಿದೆ’ ಎಂದು ಹೇಳುವ ಧೈರ್ಯ ಬರುವುದೇ ಈ ತರಬೇತಿಯ ಬಹುಪಾಲು ಎಂದು ನನ್ನ ಎಣಿಕೆ.

ಆ ಧೈರ್ಯ ದೊಡ್ಡ ಗುಂಪಿನಲ್ಲಿ ಬಾರದು. 1907ರಲ್ಲಿ ಬೇಡನ್ ಪೊವೆಲ್ಲರು ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದಾಗ ಅವರನ್ನು ನಾಲ್ಕು ತುಕಡಿಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದರು. 1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ಕೌಟು ಚಳವಳಿ ಆರಂಭವಾಯಿತು. ಆ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಆರೆಂಟು ಮಂದಿಯ ತುಕಡಿಯಲ್ಲಿ ಯಾರು ಉಣ್ಣಲಿಲ್ಲ, ಯಾರು ಕುಂಟುತ್ತಿದ್ದಾನೆ ಎಂಬುದು ನಾಯಕನಿಗೆ ತಿಳಿಯುತ್ತದೆ. ಕತ್ತಲಲ್ಲಿ ಡೇರೆ ಕಟ್ಟುವುದು, ಅನ್ನ ಸೀದರೂ ಹಂಚಿಕೊಂಡು ತಿನ್ನುವುದು, ನಡುರಾತ್ರಿ ಎಬ್ಬಿಸಿದರೆ ಹದಿನೈದು ನಿಮಿಷದಲ್ಲಿ ಎಲ್ಲವನ್ನೂ ಕಟ್ಟಿ ಸಾಲಾಗಿ ನಿಲ್ಲುವುದು, ಇವೆಲ್ಲ ತುಕಡಿಯ ಕೆಲಸ.

ನಡುರಾತ್ರಿ ಎಬ್ಬಿಸುವುದು ಹುಚ್ಚಾಟವೆಂದು ತೋರಬಹುದು. 2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಸೇಮಾನ್‌ಗಮ್‌ನಲ್ಲಿ ನಡೆದ ವಿಶ್ವ ಜಾಂಬೂರಿಯನ್ನು ನೆನೆಯಿರಿ. ಸುಮಾರು 43,000 ಮಂದಿ ನೆರೆದಿದ್ದ ಶಿಬಿರ. ಕಡಲನ್ನು ಹಿಂದಕ್ಕೆ ತಳ್ಳಿ ಪಡೆದ, ಮರದ ನೆರಳಿಲ್ಲದ ನೆಲ. ಝಳದಿಂದ ನೂರಾರು ಮಕ್ಕಳು ಚಿಕಿತ್ಸೆ ಪಡೆಯಬೇಕಾಯಿತು. ಸುಮಾರು 4,500 ಮಂದಿಯ ಬ್ರಿಟನ್ನಿನ ತಂಡ ನಡುವಿನಲ್ಲೇ ಶಿಬಿರ ಬಿಟ್ಟಿತು. ಮೇಲೆ ಖಾನೂನ್ ಚಂಡಮಾರುತದ ಎಚ್ಚರಿಕೆ. ಆಗಸ್ಟ್ 8ರಂದು ಉಳಿದವರನ್ನೆಲ್ಲ ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ಬೇರೆಡೆಗೆ ಸಾಗಿಸಿದರು. ಭಾಷೆ ಬಾರದ ನಾಡಿನಲ್ಲಿ ಅಂತಹ ದಿನ ತನ್ನ ಚೀಲ, ತನ್ನ ನೀರು, ತನ್ನ ತುಕಡಿ ಎಲ್ಲಿದೆಯೆಂದು ಬಲ್ಲ ಮಗುವಿಗೂ ಅರಿಯದ ಮಗುವಿಗೂ ಎಷ್ಟು ಅಂತರ!

ನಮ್ಮ ಬೆಟ್ಟಗಳು ಕಲಿಸಲಾರದ ಸಂಗತಿಯೂ ಉಂಟು. ಎತ್ತರದ ಬೇನೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಕಾಡುವಂಥದು. 5,895 ಮೀಟರಿನ ಕಿಲಿಮಂಜಾರೋಗೆ ಹೋಗುವವನು ನಂದಿಯನ್ನು ನೂರು ಸಲ ಹತ್ತಿದರೂ ಅದಕ್ಕೆ ಒಗ್ಗಲಾರ. ಅಲ್ಲಿ ನಿಧಾನವಾಗಿ ಏರುವುದೊಂದೇ ಉಪಾಯ. ಕಾಗದಪತ್ರದ ಮಾತನ್ನೂ ಶಿಬಿರದಲ್ಲೇ ಮುಗಿಸುವುದು ಜಾಣತನ. ಕೆನ್ಯಾದಂತಹ ದೇಶಗಳಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಪತ್ರವಿಲ್ಲದೆ ಮರಳಿದರೆ ನಮ್ಮಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಭಾನುವಾರ ಸಂಜೆ ಮನೆಗೆ ಬಿಡುವ ಮುನ್ನ ಮೂಟೆಗಳನ್ನೆಲ್ಲ ಬಿಚ್ಚಿಸಬೇಕು. ಬಳಸಿದ್ದು ಒಂದು ರಾಶಿ, ಬಳಸದಿದ್ದು ಇನ್ನೊಂದು. ಎರಡನೆಯ ರಾಶಿಯಿಂದ ಮಳೆಯಂಗಿ ಮತ್ತು ಔಷಧಿಯ ಡಬ್ಬಿ ಮಾತ್ರ ಚೀಲಕ್ಕೆ ಮರಳುತ್ತವೆ. ಮಿಕ್ಕದ್ದೆಲ್ಲ ಮನೆಯಲ್ಲೇ ಉಳಿಯಲಿ.