ಆಂಗ್ಲರ ದೇಶೀಯ ಉಡುಪಿನ ಒಡವೆಗಳು

ಸ್ಕಾಟ್ಲೆಂಡಿನವರಿಗೆ ಕಿಲ್ಟ್ ಎಂಬ ಉಡುಪುಂಟು. ಇಂಗ್ಲೆಂಡಿನವರಿಗೆ ಎಲ್ಲರೂ ಒಪ್ಪಿದ ದೇಶೀಯ ಉಡುಪಿಲ್ಲ. ಈ ಕೊರತೆಯನ್ನು ನೀಗಬಯಸುವ ಕೆಲವರು ಪ್ರಾಚೀನ ಆಂಗ್ಲೋ-ಸ್ಯಾಕ್ಸನರ ಒಡವೆಗಳನ್ನು ಮಾದರಿಯಾಗಿ ಹಿಡಿಯುತ್ತಾರೆ. ಅದಕ್ಕೆ ಕಾರಣವುಂಟು. ಗೋರಿಗಳಲ್ಲಿ ಬಟ್ಟೆಯು ಬಹುಮಟ್ಟಿಗೆ ನಶಿಸಿ ಲೋಹವು ಉಳಿದಿರುವುದರಿಂದ, ನಿಲುವಂಗಿಯ ಆಕಾರವು ಊಹೆಯಾದರೂ ಒಡವೆಯು ಪ್ರತ್ಯಕ್ಷ ಸಾಕ್ಷ್ಯ.

ಇವು ಬರಿಯ ಅಲಂಕಾರಗಳಲ್ಲ. 5, 6ನೆಯ ಶತಮಾನಗಳಲ್ಲಿ ಹೆಂಗಸರ ಉಡುಪನ್ನು ಹೆಗಲ ಮೇಲೆ ಹಿಡಿದಿಡುತ್ತಿದ್ದುದು ಒಂದು ಜೊತೆ ಬ್ರೂಚುಗಳು. ಚಾಕು, ಚೀಲಗಳು ನಡುಪಟ್ಟಿಯಿಂದ ತೂಗುತ್ತಿದ್ದುವು. 1939ರಲ್ಲಿ ಸಫಕ್ ಪ್ರಾಂತ್ಯದ ಸಟನ್ ಹೂ ದಿಬ್ಬದಲ್ಲಿ ದೊರೆತ ನಡುಪಟ್ಟಿಯ ಚಿನ್ನದ ಕೊಂಡಿಯು 400 ಗ್ರಾಂಗೂ ಮಿಗಿಲಾದುದು. ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಆ ಕಾಲದ ಒಡವೆಗಳ ಕೆಂಪು ಗಾರ್ನೆಟ್ ಹರಳುಗಳಲ್ಲಿ ಹಲವು ಭಾರತ, ಸಿಂಹಳಗಳಿಂದ ಹೋದುವೆಂದು ವಿದ್ವಾಂಸರ ಮತ. ಆದುದರಿಂದ ಇಂಥ ಒಡವೆಯ ಮಾದರಿಯನ್ನು ಸ್ವದೇಶದ ಗುರುತೆಂದು ಧರಿಸುವವರು, ತಮ್ಮ ಪೂರ್ವಿಕರು ದೂರದೇಶಗಳೊಡನೆ ಇಟ್ಟುಕೊಂಡಿದ್ದ ಸಂಬಂಧದ ಗುರುತನ್ನೂ ಧರಿಸುತ್ತಾರೆ.