ಉಮರ್ಗಾ ಬಡಿಗನ ಕೈಯಲ್ಲಿ ಗಿಟಾರ್ ಪೆಟ್ಟಿಗೆ

ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಮದುವೆ ಮೆರವಣಿಗೆ ಹೊರಟಿತೆಂದರೆ ಬ್ಯಾಂಜೊ ಇರಲೇಬೇಕು. ಹೆಸರು ಬ್ಯಾಂಜೊ ಆದರೂ ವಾದ್ಯ ಮಾತ್ರ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೊರೊ ಮೊರಿಟಾ ರೂಪಿಸಿದ ತೈಶೊಗೊತೊ ವಾದ್ಯದ ವಂಶದ್ದು. ಅದಕ್ಕೆ ಪಿಕಪ್ ಕೂಡಿಸಿ, ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ಗಾಡಿಯ ಮೇಲೆ ಬಾಕ್ಸ್ ಹೇರಿಕೊಂಡು ಹೊರಟರೆ ಊರೇ ಹೊರಗೆ ಬರುತ್ತದೆ. ತಂತಿಯನ್ನು ಕರೆಂಟಿನಿಂದ ಹಾಡಿಸುವುದು ಈ ಸೀಮೆಗೆ ಹೊಸದೇನೂ ಆಗಿಲ್ಲ.

ಆದರೆ ಆ ಬಾಕ್ಸ್‌ಗಳನ್ನು ಕಟ್ಟುವುದೇ ಬೀದಿಯ ಆ ತುದಿಗೆ ದನಿ ಮುಟ್ಟಲೆಂದು. ಗಿಟಾರ್ ಕಲಿಯುವ ಹುಡುಗ ತನ್ನ ವಾದ್ಯವನ್ನು ಅದಕ್ಕೇ ಜೋಡಿಸಿದರೆ ಸ್ವರ ಕಿವಿ ಚುಚ್ಚುತ್ತದೆ. ಗಿಟಾರ್‌ಗೆ ಅದರದೇ ಪೆಟ್ಟಿಗೆ ಬೇಕು. ಪುಣೆ, ಹೈದರಾಬಾದಿನಿಂದ ದುಡ್ಡು ಕೊಟ್ಟು ತರಿಸಬಹುದು ನಿಜ. ಬಾಗಿಲು, ಕಪಾಟು ಮಾಡುವ ನಮ್ಮೂರ ಬಡಿಗನೇ ಅದನ್ನು ಮಾಡಿಕೊಡಬಲ್ಲ ಎಂಬುದು ಮಾತ್ರ ನನಗೆ ಒಂದು ಪೆಟ್ಟಿಗೆ ಮಾಡಿಸಿದ ಮೇಲೇ ಖಾತ್ರಿಯಾಯಿತು.

ಗಿಟಾರ್ ಸ್ಪೀಕರಿನ ಗುಣವೇ ಬೇರೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದಕ್ಕಿಂತ ತಗ್ಗಿನ ದನಿ ಈ ಸ್ಪೀಕರಿಗೆ ಹೆಚ್ಚು ಬೇಕಿಲ್ಲ. ಮೇಲುಗಡೆ ಸುಮಾರು 5,000 ಹರ್ಟ್ಸ್ ದಾಟಿದರೆ ಅದು ತಾನಾಗಿಯೇ ಸುಮ್ಮನಾಗುತ್ತದೆ. ಆಂಪ್ಲಿಫೈಯರನ್ನು ಜೋರು ಮಾಡಿದಾಗ ಹುಟ್ಟುವ ಕರ್ಕಶ ಚರಚರವನ್ನು ನುಂಗಿ, ಒಳಗಿನ ಇಂಪನ್ನಷ್ಟೇ ಹೊರಗೆ ಬಿಡುತ್ತದೆ. ಭಜನೆಗೂ ಭಾಷಣಕ್ಕೂ ಬಳಸುವ ಬಾಕ್ಸ್‌ನಲ್ಲಿ ಮೇಲುದನಿಗೆಂದೇ ಟ್ವೀಟರ್ ಎಂಬ ಪುಟ್ಟ ಸ್ಪೀಕರ್ ಇರುತ್ತದೆ, ಇದರಲ್ಲಿ ಅದಿಲ್ಲ.

ಪೆಟ್ಟಿಗೆಯ ಮಾತು ಬಂದಾಗ ನನಗೆ ಮೀರಜ್ ನೆನಪಾಗುತ್ತದೆ. ಅಲ್ಲಿನ ತಂಬೂರಿ ಕುಶಲಕರ್ಮಿಗಳು ಪಂಢರಪುರ ಕಡೆಯ ಸೋರೆ ಬುರುಡೆ ಆರಿಸುವಾಗ ಅದು ನಾದಕ್ಕೆ ನಡುಗಬೇಕೆಂದೇ ಆರಿಸುತ್ತಾರೆ. ಮನೆಯಲ್ಲಿ ಹಾಡು ಕೇಳುವ ಒಳ್ಳೆಯ ಸ್ಪೀಕರಿನ ಡಬ್ಬಿ ಸ್ವಲ್ಪವೂ ನಡುಗಬಾರದು. ಗಿಟಾರ್ ಪೆಟ್ಟಿಗೆ ಇವೆರಡರ ನಡುವೆ ನಿಲ್ಲುತ್ತದೆ. ಹಲಗೆ ಗಟ್ಟಿಯಿರಬೇಕು, ಆದರೆ ಕಲ್ಲಾಗಬಾರದು. ನನ್ನ ಮಟ್ಟಿಗೆ ಅದು ವಾದ್ಯದ್ದೇ ಒಂದು ಭಾಗ. ಸಾಮಾನು ತುಂಬುವ ಡಬ್ಬಿಯೆಂದು ನೋಡಿದವರ ಪೆಟ್ಟಿಗೆ ಹಾಡುವುದಿಲ್ಲ. 1962ರಲ್ಲಿ ತನ್ನ ಮೊದಲ ಆಂಪ್ಲಿಫೈಯರ್ ಹೊರತಂದ ಜಿಮ್ ಮಾರ್ಷಲ್ ಕೂಡ ಪಶ್ಚಿಮ ಲಂಡನ್ನಿನ ಹಾನ್ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ ವಾದಕ. ನಾಲ್ಕು 12 ಇಂಚಿನ ಸೆಲೆಸ್ಟಿಯನ್ ಸ್ಪೀಕರ್ ತುಂಬಿದ ಅವನ ಪೆಟ್ಟಿಗೆ ಮುಂದೆ ರಾಕ್ ಸಂಗೀತದ ಗುರುತೇ ಆಯಿತು. ಮೊದಲ ಸಲ ಮಾಡುವವರಿಗೆ ಒಂದು ಸ್ಪೀಕರ್ ಸಾಕು.

ಮರ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಸಾಗವಾನಿ ಹಲಗೆ ಎಷ್ಟೇ ಚೆಂದವಿದ್ದರೂ ಮರಾಠವಾಡದ ಬೇಸಿಗೆಗೆ ಕುಗ್ಗಿ, ಮಳೆಗಾಲಕ್ಕೆ ಹಿಗ್ಗುತ್ತದೆ. ಪದರ ಅಡ್ಡಕ್ಕೆ ಉದ್ದಕ್ಕೆ ಕೂಡಿಸಿದ ಪ್ಲೈವುಡ್ ಹಾಗೆ ಆಡುವುದಿಲ್ಲ. ಜಗತ್ತಿನ ತಯಾರಕರು ಬಾಲ್ಟಿಕ್ ಬರ್ಚ್ ಪ್ಲೈ ಮೆಚ್ಚುತ್ತಾರೆ. ನಮಗೆ ಐಎಸ್ 303 ಅಥವಾ ಐಎಸ್ 710 ಗುರುತಿನ 18 ಮಿ.ಮೀ. ಹಲಗೆ ನಡೆಯುತ್ತದೆ. ಗುರುತೊಂದನ್ನೇ ನಂಬಬೇಡಿ. ನಾನು ಮೊದಲು ತಂದ ಹಲಗೆಗೆ ಅಂಗಡಿಯವರು ಕಣ್ಣು ಮುಚ್ಚಿ ಭರವಸೆ ಕೊಟ್ಟಿದ್ದರು. ಗರಗಸ ಹಾಕಿದಾಗ ಪದರದ ನಡುವೆ ಪೊಳ್ಳು ಕಾಣಿಸಿತು. ಬಡಿಗ ಬೆರಳ ಗೆಣ್ಣಿನಿಂದ ಒಂದೊಂದು ಗೇಣಿಗೂ ತಟ್ಟುತ್ತ ಹೋದ. ಗಟ್ಟಿ ಜಾಗದಲ್ಲಿ ಟಕ್, ಪೊಳ್ಳಿನ ಮೇಲೆ ಡಬ್. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಈ ವಿದ್ಯೆ ಬೇರೆ ಹೇಳಬೇಕಿಲ್ಲ. ಅಂಗಡಿಯಲ್ಲೇ ತಟ್ಟಿ ನೋಡಿ ತನ್ನಿ.

ಪೆಟ್ಟಿಗೆಯ ಹೊರ ಅಳತೆ ಅಗಲ 50, ಎತ್ತರ 45, ಆಳ 30 ಸೆಂ.ಮೀ. ಇಟ್ಟುಕೊಂಡರೆ ಒಳಗೆ ಸುಮಾರು 50 ಲೀಟರ್ ಗಾಳಿ ಸಿಗುತ್ತದೆ. ಒಂದು 12 ಇಂಚಿನ ಸ್ಪೀಕರಿಗೆ ಒಳ್ಳೆಯ ಮನೆ. 8 ಅಡಿ, 4 ಅಡಿಯ ಹಾಳೆಯಲ್ಲಿ ಅರ್ಧವೇ ಸಾಕು. ಸ್ಪೀಕರ್ 12 ಇಂಚಿನದೆಂದು ತೂತನ್ನೂ ಅಷ್ಟೇ ಕೊರೆಯಬಾರದು. ಸುಮಾರು 28 ಸೆಂ.ಮೀ. ತೂತು, ಸುತ್ತ ಬೋಲ್ಟಿಗೆ ಅಂಚು. ಎಲ್ಲ ಸ್ಪೀಕರಿಗೂ ಒಂದೇ ಅಳತೆ ಇರುವುದಿಲ್ಲವಾದ್ದರಿಂದ ಸ್ಪೀಕರ್ ಕೈಗೆ ಬಂದ ಮೇಲೆಯೇ ವೃತ್ತ ಎಳೆಯುವುದು ಕ್ಷೇಮ.

ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಹಾಗಾಗಿ ಇಂದಿಗೂ ಈ ಭಾಗದ ಬಡಿಗರ ಅಂಗಡಿಯಲ್ಲಿ ಕನ್ನಡದಲ್ಲಿ ಉಳಿ, ಗರಗಸ ಎನ್ನುವ ಬಾಯಲ್ಲೇ ಮೂಲೆಮಟ್ಟಕ್ಕೆ ಮರಾಠಿಯ ಗುಣ್ಯಾ ಎಂಬ ಹೆಸರು ಬರುತ್ತದೆ. ಗುಣ್ಯಾ ಹಿಡಿದು ನಾಲ್ಕೂ ಮೂಲೆ ನೋಡಿದ ಮೇಲೆ ಕೂಡಿಕೆ. ಬೆರಳಿಗೆ ಬೆರಳು ಹೆಣೆದಂಥ ಕಚ್ಚು ಕೂಡಿಕೆ ಎಲ್ಲಕ್ಕಿಂತ ಬಲ. ಬರದಿದ್ದರೆ ಒಳಮೂಲೆಗೆ ಪಟ್ಟಿ ಕೊಟ್ಟು, ಅಂಟು ಹಚ್ಚಿ, ಸ್ಕ್ರೂ ಬಿಗಿಯಬಹುದು. ಬರಿ ಮೊಳೆ ಹೊಡೆದರೆ ಅದುರಿ ಅದುರಿ ಸಡಿಲಾಗುತ್ತದೆ. ಅಂಟು ಒಂದು ದಿನ ಒಣಗಲಿ, ಅವಸರ ಬೇಡ.

ಹಿಂಬದಿ ಮುಚ್ಚಬೇಕೋ, ಅರ್ಧ ತೆರೆದಿಡಬೇಕೋ? ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಎರಡು ಅಲೆ ಎದುರಾದರೆ ತಗ್ಗಿನ ದನಿ ಒಂದನ್ನೊಂದು ತಿಂದುಬಿಡುತ್ತದೆ. ಹಿಂಬದಿ ಮುಚ್ಚಿದರೆ ದನಿ ಬಿಗಿಯಾಗಿ, ಭಾರವಾಗಿ ಎದುರಿಗೆ ಬರುತ್ತದೆ. ಅರ್ಧ ತೆರೆದರೆ ತಗ್ಗು ಸ್ವಲ್ಪ ತೆಳುವಾಗಿ ಕೋಣೆಯೆಲ್ಲ ಹರಡುತ್ತದೆ. ಮನೆಯಲ್ಲಿ ನುಡಿಸುವವರಿಗೆ ಅರ್ಧ ತೆರೆದದ್ದೇ ಚೆಂದ ಎಂಬುದು ನನ್ನ ಅಭಿಪ್ರಾಯ.

ವೈರಿನ ಕೆಲಸ ಚಿಕ್ಕದು, ತಪ್ಪಿದರೆ ನಷ್ಟ ದೊಡ್ಡದು. 8 ಓಮ್ ಸ್ಪೀಕರಿಗೆ ಆಂಪ್ಲಿಫೈಯರಿನ 8 ಓಮ್ ಬಾಯಿ. ಅಂಥವೆರಡನ್ನು ಪ್ಯಾರಲಲ್ ಜೋಡಿಸಿದರೆ 4, ಸಾಲಾಗಿ ಜೋಡಿಸಿದರೆ 16. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರಿಲ್ಲದೆ ನಡೆಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಗಿಟಾರಿಗೆ ಬಳಸುವ ತೆಳು ಕೇಬಲನ್ನು ಇಲ್ಲಿಗೆ ತರಬೇಡಿ, ದಪ್ಪ ಜೋಡಿ ವೈರೇ ಇರಲಿ. ಪ್ಲಸ್ ಯಾವುದೆಂದು ತಿಳಿಯದಿದ್ದರೆ ಒಂದೂವರೆ ವೋಲ್ಟಿನ ಸೆಲ್ ತೆಗೆದುಕೊಂಡು, ಅದರಿಂದ ಎಳೆದ ಎರಡು ವೈರಿನ ತುದಿಯನ್ನು ಸ್ಪೀಕರಿನ ಎರಡು ಕಡ್ಡಿಗೆ ಕ್ಷಣಕಾಲ ಮುಟ್ಟಿಸಿ. ಟಪ್ ಎಂದು ಕೋನ್ ಮುಂದಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡ್ಡಿಯೇ ಪ್ಲಸ್. ನಮ್ಮ ಬಡಿಗ ಅದನ್ನು ಮೂರು ಸಲ ಮಾಡಿ ನೋಡಿದ. ಕಾಗದದ ಆ ಬಟ್ಟಲು ಉಸಿರೆಳೆದಂತೆ ಏಳುವುದನ್ನು ಅವನೂ ಮೊದಲ ಬಾರಿ ಕಂಡಿದ್ದ.

ಮೊದಲ ದಿನ ದಪ್ಪ ತಂತಿ ಮೀಟಿದಾಗ ಎಲ್ಲೋ ಜೇನುಹುಳದಂಥ ಗುಂಯ್ ಸದ್ದು ಬಂತು. ಒಂದೊಂದು ಹಲಗೆಗೂ ಅಂಗೈ ಒತ್ತುತ್ತ ಹೋದಾಗ ಹಿಂಬದಿಯ ಪಟ್ಟಿಯ ಹತ್ತಿರ ಸದ್ದು ನಿಂತಿತು. ಅಲ್ಲಿ ಸ್ಕ್ರೂ ದೂರ ದೂರ ಬಿದ್ದಿದ್ದವು. ನಡುವೆ ನಾಲ್ಕು ಹೆಚ್ಚಿಗೆ ಹಾಕಿದ ಮೇಲೆ ಸ್ವರ ತಿಳಿಯಾಯಿತು.

ಬೀದರ್, ಭಾಲ್ಕಿ, ಕಮಲನಗರ, ಉದಗೀರ ಎಲ್ಲ ಒಂದೇ ರೈಲು ದಾರಿಯ ಊರುಗಳು; ಉಮರ್ಗಾ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೇ ಇದೆ. ಹೀಗಾಗಿ ಸಾಮಾನು ತರಿಸುವುದು ಕಷ್ಟವಲ್ಲ. ಪೆಟ್ಟಿಗೆಗೆಂದು ಹೊರಗಿನಿಂದ ತರಿಸಬೇಕಾದದ್ದು ಸ್ಪೀಕರ್ ಒಂದೇ, ಉಳಿದದ್ದು ಊರಲ್ಲೇ ಸಿಗುತ್ತದೆ. ಗಿಟಾರ್ ಹಿಡಿದ ಮಕ್ಕಳಿರುವ ಮನೆಯವರು ಒಮ್ಮೆ ನಿಮ್ಮೂರ ಬಡಿಗನನ್ನು ಕೇಳಿ ನೋಡಿ. ಹೇಗೂ ಅರ್ಧ ಹಾಳೆ ಪ್ಲೈ ಉಳಿಯುತ್ತದೆ. ಅದರಲ್ಲಿ ಪಕ್ಕದ ಮನೆಯ ಹುಡುಗಿಗೂ ಒಂದು ಪೆಟ್ಟಿಗೆ ಮಾಡಿಸಿಕೊಡಿ.