ಹತ್ತಿರ ಹೋದರೆ ಗಾಯ ಕಾಣುವ ಚೆಲುವು

ದೂರದಿಂದ ನೋಡಿದರೆ ಕ್ಯಾಲೆಂಡರ್ ಸುಂದರಿಯರು. ನಡು ಬಳುಕಿಸಿ, ನೋಡುವವರನ್ನು ಕರೆಯುವ ಭಂಗಿ. ಆಹಾ ಎನ್ನುತ್ತ ಇನ್ನೊಂದು ಹೆಜ್ಜೆ ಮುಂದಿಡುತ್ತೀರಿ. ಅಯ್ಯೋ! ಕೈ ಇರಬೇಕಾದಲ್ಲಿ ಕೈಯಿಲ್ಲ, ಕಾಲು ಮೊಂಡು! ‘ಪಿನ್-ಅಪ್’ ಎಂಬ ಈ ಸರಣಿಯನ್ನು ವಾಂಗೆಚಿ ಮುಟು ಮಾಡಿದ್ದು 2001ರಲ್ಲಿ. ಸಿಯೆರಾ ಲಿಯೋನ್‌ನ ಅಂತರ್ಯುದ್ಧ ಆಗಿನ್ನೂ ಮುಗಿದಿರಲಿಲ್ಲ. ಅಲ್ಲಿ ಬಂಡುಕೋರರು ಜನಸಾಮಾನ್ಯರ ಕೈಕಾಲು ಕಡಿದರು. ಬಂದೂಕಿನ ಖರ್ಚಿಗೆ ವಜ್ರ ಮಾರಿದರು. ಆ ವಜ್ರ ಹೋದದ್ದೆಲ್ಲಿಗೆ? ಹೊರದೇಶಗಳ ಆಭರಣದಂಗಡಿಗೆ, ಅಲ್ಲಿಂದ ಯಾರದೋ ಬೆರಳಿಗೆ. ಇಡೀ ವ್ಯಾಪಾರದ ಎರಡೂ ತುದಿಗಳನ್ನು ಮುಟು ಒಂದೇ ಮೈಮೇಲೆ ತಂದಿಟ್ಟುಬಿಟ್ಟರು!

ಯಾರೀಕೆ? 1972ರಲ್ಲಿ ನೈರೋಬಿಯಲ್ಲಿ ಹುಟ್ಟಿ, ನ್ಯೂಯಾರ್ಕ್‌ನಲ್ಲಿ ಕಲೆ ಓದಿ, 2000ದಲ್ಲಿ ಯೇಲ್‌ನಿಂದ ಸ್ನಾತಕೋತ್ತರ ಪದವಿ ಪಡೆದವರು. ಕಲಿತದ್ದು ಶಿಲ್ಪ, ಹೆಸರು ತಂದದ್ದು ಕೊಲಾಜ್. ಫ್ಯಾಷನ್ ಪತ್ರಿಕೆ, ನ್ಯಾಷನಲ್ ಜಿಯಾಗ್ರಫಿಕ್, ಮೋಟಾರ್‌ಸೈಕಲ್ ಪತ್ರಿಕೆ, ಅಶ್ಲೀಲ ಪತ್ರಿಕೆ, ಆ ಕತ್ತರಿ ಯಾವುದನ್ನೂ ಬಿಟ್ಟಿಲ್ಲ! ಆಫ್ರಿಕಾದ ಹೆಣ್ಣನ್ನು ಇಂಥ ಪುಟಗಳು ಮೊದಲೇ ತುಂಡು ಮಾಡಿದ್ದವು: ಒಂದಕ್ಕೆ ಅವಳ ಮೈ ಸಾಕು, ಇನ್ನೊಂದಕ್ಕೆ ಅವಳೊಂದು ವಿಚಿತ್ರ. ಮುಟು ಅದೇ ತುಂಡುಗಳನ್ನು ಆಯ್ದು, ಯಾರ ಪಟ್ಟಿಗೂ ಸಿಗದ ಜೀವಗಳನ್ನು ಕಟ್ಟುತ್ತಾರೆ.

ಉಸಿರು ಬಿಗಿಹಿಡಿದು ನೋಡಬೇಕಾದದ್ದು 2006ರ 12 ಕೊಲಾಜ್‌ಗಳನ್ನು. ಹೆಸರು ಕೇಳಿ: ‘ಹಿಸ್ಟಾಲಜಿ ಆಫ್ ದ ಡಿಫರೆಂಟ್ ಕ್ಲಾಸಸ್ ಆಫ್ ಯುಟೆರೈನ್ ಟ್ಯೂಮರ್ಸ್’. ಗರ್ಭಕೋಶದ ಗೆಡ್ಡೆಗಳ ಬಗೆಬಗೆ! ಹಳೆಯ ವೈದ್ಯಕೀಯ ಪುಸ್ತಕದ ಚಿತ್ರಪಟಗಳೇ ಇಲ್ಲಿ ತಳಹಾಳೆ. ಅಚ್ಚಾದ ಅಂಗಾಂಗಗಳು ಇದ್ದಲ್ಲೇ ಇವೆ. ಮೇಲೆ ಪತ್ರಿಕೆಯಿಂದ ಕತ್ತರಿಸಿದ ಕಣ್ಣು, ಉಬ್ಬಿದ ತುಟಿ, ತುಪ್ಪಳ, ಮಿಂಚುಪುಡಿ. ನೋಡನೋಡುತ್ತಿದ್ದಂತೆ ರೋಗದ ಚಿತ್ರ ಮುಖವಾಗುತ್ತದೆ, ಆ ಮುಖ ನಮ್ಮನ್ನೇ ನೋಡತೊಡಗುತ್ತದೆ! ಹೆಣ್ಣನ್ನು ಮೇಜಿನ ಮೇಲೆ ಹರವಿಕೊಂಡು, ಕಪ್ಪು ಮೈಯನ್ನು ಮಾದರಿಯೆಂದು ಅಳೆದ ವಿಜ್ಞಾನಕ್ಕೆ ಈಗ ಎದುರು ಪರೀಕ್ಷೆ.

ದೊಡ್ಡ ಕೃತಿಗಳಿಗೆ ಅವರು ಬಳಸಿದ್ದು ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ. ಅದು ಶಾಯಿ ಹೀರುವುದಿಲ್ಲ. ಶಾಯಿ ಮೇಲೆಯೇ ಮಡುಗಟ್ಟಿ, ಹರಿದು, ಕಲೆಕಲೆಯಾಗಿ ಒಣಗುತ್ತದೆ. ಅದೇ ಚರ್ಮ! ಚಿರತೆಯ ಚುಕ್ಕೆಯೋ, ಸುಟ್ಟ ಗಾಯವೋ, ಹಬ್ಬದ ಸಿಂಗಾರವೋ? ಒಂದೆಂದುಕೊಳ್ಳುವಷ್ಟರಲ್ಲಿ ಇನ್ನೊಂದಾಗಿರುತ್ತದೆ!

ಇಷ್ಟಕ್ಕೇ ಬೆರಗಾದಿರಾ? ಇನ್ನೂ ಇದೆ! ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಮುಂಭಾಗ ಪೂರ್ತಿಯಾದದ್ದು 1902ರಲ್ಲಿ. ಶಿಲ್ಪಗಳಿಗೆಂದೇ ಮಾಡಿದ್ದ ಗೂಡುಗಳು ಮಾತ್ರ ಖಾಲಿ ಉಳಿದವು. 117 ವರ್ಷ! 2019ರಲ್ಲಿ ಅಲ್ಲಿಗೆ ಬಂದವರು ಮುಟುವಿನ ನಾಲ್ವರು ಕಂಚಿನ ಹೆಂಗಸರು. ಮೈಗೆ ಸುರುಳಿಸುರುಳಿ ಉಡುಗೆ, ಬಿಸಿಲು ಬಿದ್ದರೆ ಥಳಥಳಿಸುವ ನುಣುಪು ಬಿಲ್ಲೆ. ಗ್ರೀಸಿನ ದೇಗುಲದಲ್ಲಿ ಚಾವಣಿ ಹೊತ್ತವಳು ಹೆಣ್ಣು, ಆಫ್ರಿಕಾದ ಅರಸರ ಪೀಠ ಹೊತ್ತವಳೂ ಹೆಣ್ಣು. ಈ ನಾಲ್ವರು ಯಾರ ಭಾರವನ್ನೂ ಹೊರುವವರಲ್ಲ. ಹೊತ್ತದ್ದು ಸಾಕೆಂದು ಬೆನ್ನು ನೆಟ್ಟಗೆ ಮಾಡಿ, ಊರಿಗೆಲ್ಲ ಕಾಣುವಂತೆ ಮಹಾದ್ವಾರದಲ್ಲೇ ಕೂತವರು!